ಬಿಡಿಗಾಸೂ ಪಡೆಯದೆ ಬಿಟ್ಟುಕೊಟ್ಟ ಪಿರ್ಲೊ: ಮಿಲಾನ್‌ನಿಂದ ಯುವೆಂಟಸ್‌ಗೆ, 2011

2011ರ ಮೇ 7ರಂದು ರೋಮ್‌ನಲ್ಲಿ ನಡೆದ ಪಂದ್ಯವನ್ನು ಗೋಲಿಲ್ಲದೆ ಡ್ರಾ ಮಾಡಿಕೊಂಡ ಎ.ಸಿ. ಮಿಲಾನ್, ಏಳು ವರ್ಷಗಳ ಬಳಿಕ ಇಟಲಿಯ ಅಗ್ರ ಲೀಗ್ ಸೀರಿ ಎಯ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡಿತು. ಹನ್ನೊಂದು ದಿನ ಕಳೆದು, ಮೇ 18ರಂದು, ಒಂದು ದಶಕ ಆ ತಂಡದ ಮಿಡ್‌ಫೀಲ್ಡ್ ನಡೆಸಿದ ಆಂಡ್ರಿಯಾ ಪಿರ್ಲೊ ಕ್ಲಬ್ ಬಿಡುತ್ತಾರೆ ಎಂಬ ಸುದ್ದಿ ಹೊರಬಿತ್ತು. ಮರುದಿನ ಅವರಿಗೆ 32 ತುಂಬಿತು. ಮೇ 24ರಂದು ಯುವೆಂಟಸ್ ಅವರೊಂದಿಗೆ ಮೂರು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮಿಲಾನ್‌ಗೆ ದೊರೆತ ವರ್ಗಾವಣೆ ಶುಲ್ಕ ಸೊನ್ನೆ.

ಪಿರ್ಲೊ ಯುವೆಂಟಸ್‌ನ ಊರಾದ ಟುರಿನ್‌ನಲ್ಲಿ ನಾಲ್ಕು ವರ್ಷ ಆಡಿದರು. ಆ ನಾಲ್ಕೂ ವರ್ಷ ಲೀಗ್ ಗೆದ್ದದ್ದು ಯುವೆಂಟಸ್. ಮಿಲಾನ್ ಮತ್ತೆ ಚಾಂಪಿಯನ್ ಆಗಲು 2022ರವರೆಗೆ ಕಾಯಬೇಕಾಯಿತು.

ಫುಟ್‌ಬಾಲ್ ಪ್ರಿಯರು ಈ ಪ್ರಕರಣವನ್ನು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ: ಮಿಲಾನ್ ಮೂರ್ಖತನ ಮಾಡಿತು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಮಿಲಾನ್ ನಡೆಸುತ್ತಿದ್ದವರು ಮೂರ್ಖರಾಗಿರಲಿಲ್ಲ. ಅವರ ಮುಂದಿದ್ದ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪೂ ಇರಲಿಲ್ಲ. ಆದರೆ ಅದು ಅರ್ಧ ಲೆಕ್ಕವಾಗಿತ್ತು. ಪಿರ್ಲೊ ನಮಗೆ ಎಷ್ಟು ಬೇಕು ಎಂದು ಅವರು ಅಳೆದರು. ಎದುರಾಳಿಗೆ ಎಷ್ಟು ಬೇಕು ಎಂದು ಅಳೆಯಲಿಲ್ಲ. ಒಂದೇ ಲೀಗ್‌ನಲ್ಲಿ ಆಡುವ ಎರಡು ಕ್ಲಬ್‌ಗಳ ನಡುವೆ ಆಟಗಾರ ಕೈ ಬದಲಾಯಿಸುವಾಗ ನಿರ್ಣಾಯಕವಾಗುವುದು ಎರಡನೆಯ ಅಳತೆಯೇ.

ಮೊದಲು ಬಿಟ್ಟದ್ದು ಇಂಟರ್

ಪಿರ್ಲೊ ಅವರ ಬೆಲೆಯನ್ನು ಕಡಿಮೆ ಅಂದಾಜು ಮಾಡಿದ ಮೊದಲ ಕ್ಲಬ್ ಮಿಲಾನ್ ಅಲ್ಲ. ಬ್ರೆಶಿಯಾ ನಗರದ ಪಕ್ಕದ ಫ್ಲೇರೊ ಎಂಬ ಊರಿನಲ್ಲಿ ಹುಟ್ಟಿದ ಅವರು, 1995ರಲ್ಲಿ ಇನ್ನೂ 16ರ ಹುಡುಗನಾಗಿದ್ದಾಗಲೇ ಬ್ರೆಶಿಯಾ ತಂಡದ ಪರ ಸೀರಿ ಎ ಪಂದ್ಯ ಆಡಿದ್ದರು. 1998ರಲ್ಲಿ ಮಿಲಾನ್ ನಗರದ ಇನ್ನೊಂದು ಕ್ಲಬ್ ಆದ ಇಂಟರ್ ಅವರನ್ನು ಕೊಂಡಿತು. ಆ ಒಂದೇ ಋತುವಿನಲ್ಲಿ ಇಂಟರ್ ನಾಲ್ಕು ಕೋಚ್‌ಗಳನ್ನು ಕಂಡಿತು. ಅಂಥ ಮನೆಯಲ್ಲಿ 19ರ ಹುಡುಗನ ಆಟವನ್ನು ಗಮನಿಸುವ ತಾಳ್ಮೆ ಯಾರಿಗಿದ್ದೀತು? ಮರುವರ್ಷ ರೆಜಿನಾ ಕ್ಲಬ್‌ಗೆ ಸಾಲದ ಮೇಲೆ, ಅಂದರೆ ತಾತ್ಕಾಲಿಕವಾಗಿ ಆಡಲು, ಕಳುಹಿಸಿದರು, ಮರಳಿ ಕರೆದರು, 2001ರ ಆರಂಭದಲ್ಲಿ ಮತ್ತೆ ಬ್ರೆಶಿಯಾಗೆ ಸಾಲ ಕೊಟ್ಟರು.

ಆಗಿನವರೆಗೂ ಪಿರ್ಲೊ ಆಡುತ್ತಿದ್ದದ್ದು ಫಾರ್ವರ್ಡ್‌ಗಳ ಹಿಂದೆ, ಹತ್ತನೇ ನಂಬರಿನವರ ಜಾಗದಲ್ಲಿ. ಬ್ರೆಶಿಯಾದಲ್ಲಿ ಆ ಜಾಗ ರೊಬರ್ಟೊ ಬಾಜಿಯೊ ಅವರದಾಗಿತ್ತು. ಕೋಚ್ ಕಾರ್ಲೊ ಮಾತ್ಸೊನೆ ಪಿರ್ಲೊ ಅವರನ್ನು ಬೆಂಚಿನ ಮೇಲೆ ಕೂರಿಸಲಿಲ್ಲ. ಹಿಂದಕ್ಕೆ ಸರಿಸಿ ಡಿಫೆನ್ಸ್‌ನ ಮುಂದೆ ನಿಲ್ಲಿಸಿದರು. 2001ರ ಏಪ್ರಿಲ್ 1ರಂದು ಟುರಿನ್‌ನಲ್ಲಿ ಯುವೆಂಟಸ್ ವಿರುದ್ಧ ಪಿರ್ಲೊ ಮೈದಾನದ ಮಧ್ಯಭಾಗದಿಂದ ಎತ್ತಿ ಕಳುಹಿಸಿದ ಚೆಂಡನ್ನು ಬಾಜಿಯೊ ಒಂದೇ ಸ್ಪರ್ಶದಲ್ಲಿ ಪಳಗಿಸಿಕೊಂಡು, ಗೋಲ್‌ಕೀಪರ್ ವ್ಯಾನ್ ಡರ್ ಸಾರ್ ಅವರನ್ನು ದಾಟಿ ಗೋಲು ಹೊಡೆದರು. ಪಂದ್ಯ 1–1ರಲ್ಲಿ ಮುಗಿಯಿತು. ಇಟಲಿಯಲ್ಲಿ ಇಂದಿಗೂ ಆ ಗೋಲಿನ ಮಾತು ಬಂದರೆ ಬಾಜಿಯೊ ಅವರ ಸ್ಪರ್ಶದ ಬಗ್ಗೆ ಮಾತನಾಡುತ್ತಾರೆ. ಆ ಪಾಸ್ ಅಷ್ಟೇ ಅಪರೂಪದ್ದು ಎಂಬುದು ನನ್ನ ಅಭಿಪ್ರಾಯ. ಮುಂದಿನ ಹದಿನೈದು ವರ್ಷಗಳ ಪಿರ್ಲೊ ಅಲ್ಲಿ ಪೂರ್ತಿಯಾಗಿ ಕಾಣಿಸುತ್ತಾರೆ.

ಇಂಟರ್‌ಗೆ ಅದು ಕಾಣಲಿಲ್ಲ. 2001ರ ಬೇಸಿಗೆಯಲ್ಲಿ ಸುಮಾರು 3,500 ಕೋಟಿ ಲಿರಾ ಬೆಲೆಗೆ ಪಿರ್ಲೊ ಅವರನ್ನು ಅದೇ ನಗರದ, ಅದೇ ಕ್ರೀಡಾಂಗಣದಲ್ಲಿ ಆಡುವ ಮಿಲಾನ್‌ಗೆ ಮಾರಿತು. ಮರುವರ್ಷ ಕ್ಲಾರೆನ್ಸ್ ಸೀಡಾರ್ಫ್ ಅವರನ್ನೂ ಫ್ರಾಂಚೆಸ್ಕೊ ಕೊಕೊ ಅವರಿಗೆ ಬದಲಾಗಿ ಮಿಲಾನ್‌ಗೇ ಕೊಟ್ಟಿತು. 2003ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇಂಟರ್ ಮತ್ತು ಮಿಲಾನ್ ಎದುರಾದವು: 0–0, 1–1. ಎರಡು ಪಂದ್ಯಗಳೂ ಇಬ್ಬರ ಮೈದಾನವಾದ ಸ್ಯಾನ್ ಸಿರೊದಲ್ಲೇ ನಡೆದರೂ, ಗೋಲುಗಳು ಸಮವಾದರೆ ಅತಿಥಿ ತಂಡವಾಗಿ ಹೆಚ್ಚು ಗೋಲು ಹೊಡೆದವರು ಗೆಲ್ಲುವ ಆಗಿನ ನಿಯಮದಂತೆ ಮಿಲಾನ್ ಫೈನಲ್ ತಲುಪಿತು. ಅಲ್ಲಿ ಯುವೆಂಟಸ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಯುರೋಪಿನ ಚಾಂಪಿಯನ್ ಆಯಿತು. ಇಂಟರ್ ಬೇಡವೆಂದು ಬಿಟ್ಟ ಆ ಇಬ್ಬರೂ ಗೆದ್ದ ತಂಡದ ಮಿಡ್‌ಫೀಲ್ಡ್‌ನಲ್ಲಿದ್ದರು.

ಅಂದರೆ ಪಕ್ಕದ ಮನೆಯವರು ಬಿಟ್ಟ ಆಟಗಾರನಿಂದ ಎಷ್ಟು ಲಾಭವಾಗಬಹುದು ಎಂಬುದನ್ನು ಮಿಲಾನ್‌ನಷ್ಟು ಚೆನ್ನಾಗಿ ಅರಿತ ಕ್ಲಬ್ ಇನ್ನೊಂದಿರಲಿಲ್ಲ. 2011ರ ನಿರ್ಧಾರವನ್ನು ಓದುವಾಗ ನನಗೆ ಬೇಸರವಾಗುವುದು ಇದೇ ಕಾರಣಕ್ಕೆ.

ಗೆದ್ದ ವರ್ಷದ ಸಾಕ್ಷ್ಯ

2001ರ ನವೆಂಬರ್‌ನಲ್ಲಿ ಮಿಲಾನ್‌ಗೆ ಬಂದ ಕಾರ್ಲೊ ಆಂಚೆಲೊಟ್ಟಿ, ಮಾತ್ಸೊನೆ ತೋರಿಸಿದ ಜಾಗವನ್ನೇ ಪಿರ್ಲೊ ಅವರಿಗೆ ಕಾಯಂ ಮಾಡಿದರು. ಮುಂದಿನದು ಎಲ್ಲರಿಗೂ ಗೊತ್ತು: 2003 ಮತ್ತು 2007ರ ಚಾಂಪಿಯನ್ಸ್ ಲೀಗ್, 2004ರ ಲೀಗ್, ಇಟಲಿಯೊಂದಿಗೆ 2006ರ ವಿಶ್ವಕಪ್.

2010ರಲ್ಲಿ ಮಾಸ್ಸಿಮಿಲಿಯಾನೊ ಅಲ್ಲೆಗ್ರಿ ಕೋಚ್ ಆಗಿ ಬಂದಾಗ ಲೆಕ್ಕಾಚಾರ ಬದಲಾಯಿತು. ಡಿಫೆನ್ಸ್‌ನ ಮುಂದೆ ಪಾಸ್ ಹಂಚುವವರಿಗಿಂತ ಚೆಂಡು ಕಸಿಯುವವರು ಇರಬೇಕು ಎಂಬುದು ಅವರ ಯೋಚನೆ. ಮಾಸ್ಸಿಮೊ ಆಂಬ್ರೊಸಿನಿ ಇದ್ದರು. 2011ರ ಜನವರಿಯಲ್ಲಿ ಬಾಯರ್ನ್ ಮ್ಯೂನಿಕ್‌ನಿಂದ ಮಾರ್ಕ್ ವ್ಯಾನ್ ಬೊಮ್ಮೆಲ್ ಬಂದರು. ಮುಂದೆ ಝ್ಲಾಟನ್ ಇಬ್ರಾಹಿಮೊವಿಚ್ ಇದ್ದುದರಿಂದ ಚೆಂಡನ್ನು ನೇರವಾಗಿ ಅವರಿಗೆ ಮುಟ್ಟಿಸಿದರೂ ಕೆಲಸ ನಡೆಯುತ್ತಿತ್ತು. ಪಿರ್ಲೊ ಅವರನ್ನು ಗಾಯಗಳೂ ಕಾಡಿದವು. ಅಕ್ಟೋಬರ್‌ನಲ್ಲಿ ಪಾರ್ಮಾ ವಿರುದ್ಧ ಬಹಳ ದೂರದಿಂದ ಹೊಡೆದ ಅದ್ಭುತ ಗೋಲೊಂದನ್ನು ಬಿಟ್ಟರೆ ಆ ಋತುವಿನಲ್ಲಿ ಅವರ ಹೆಸರು ಹೆಚ್ಚು ಕೇಳಿಬರಲಿಲ್ಲ. 38 ಲೀಗ್ ಪಂದ್ಯಗಳಲ್ಲಿ ಅವರು ಆಡಿದ್ದು 17. ಆಡಿದಾಗಲೂ ಕೆಲವೊಮ್ಮೆ ಎಡಬದಿಗೆ ಸರಿದು ಆಡಬೇಕಾಯಿತು.

ಮಿಲಾನ್ 82 ಪಾಯಿಂಟ್ ಗಳಿಸಿ ಲೀಗ್ ಗೆದ್ದಿತು. ಬಿಟ್ಟುಕೊಟ್ಟ ಗೋಲುಗಳು ಬರೀ 24. ಮಿಲಾನ್ ಕಚೇರಿಯಲ್ಲಿ ಕುಳಿತವರ ಜಾಗದಲ್ಲಿ ನಿಂತು ನೋಡಿದರೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ? ಪಿರ್ಲೊ ಅರ್ಧಕ್ಕಿಂತ ಹೆಚ್ಚು ಪಂದ್ಯಗಳಲ್ಲಿ ಇಲ್ಲ, ತಂಡ ಚಾಂಪಿಯನ್. ಆದ್ದರಿಂದ ಅವರು ಅನಿವಾರ್ಯರಲ್ಲ. ತರ್ಕ ನೇರವಾಗಿದೆ, ಸತ್ಯವೂ ಆಗಿದೆ. ಗೆಲುವು ಹೀಗೆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟು, ಪಕ್ಕದಲ್ಲೇ ಇದ್ದ ಇನ್ನೊಂದು ಪ್ರಶ್ನೆಯನ್ನು ಮರೆಮಾಡಿತು. ಸೋತಿದ್ದರೆ ಬಹುಶಃ ಯಾರಾದರೂ ಆ ಎರಡನೆಯ ಪ್ರಶ್ನೆಯನ್ನು ಎತ್ತುತ್ತಿದ್ದರು.

ಇದರ ಜೊತೆಗೆ ಕ್ಲಬ್‌ಗೊಂದು ನಿಯಮವಿತ್ತು: 30 ದಾಟಿದವರಿಗೆ ಒಮ್ಮೆಗೆ ಒಂದೇ ವರ್ಷದ ಒಪ್ಪಂದ. ಮಿಲಾನ್ ತಂಡ ವಯಸ್ಸಾದವರಿಂದ ತುಂಬಿತ್ತು. ಮಾಲೀಕ ಬೆರ್ಲುಸ್ಕೋನಿ ಅವರ ಕಂಪನಿ ಖರ್ಚು ಬಿಗಿ ಮಾಡುತ್ತಿತ್ತು. ಹಾಗಾಗಿ ನಿಯಮವನ್ನು ದೂರುವಂತಿಲ್ಲ. ಪಿರ್ಲೊ ಮೂರು ವರ್ಷ ಕೇಳಿದರು, ಕ್ಲಬ್‌ನ ಉಪಾಧ್ಯಕ್ಷ ಅಡ್ರಿಯಾನೊ ಗಲ್ಲಿಯಾನಿ ಒಂದು ವರ್ಷ ಕೊಡಲು ಸಿದ್ಧರಿದ್ದರು. ಮಾತುಕತೆ ಬಹಳ ಹೊತ್ತು ಬೆಳೆಯಲಿಲ್ಲ.

ನಿಯಮದ ಹಿಂದಿದ್ದ ಊಹೆ ಮಾತ್ರ ಈ ಆಟಗಾರನಿಗೆ ಹೊಂದುತ್ತಿರಲಿಲ್ಲ. ವಯಸ್ಸು ಮೊದಲು ಕಸಿಯುವುದು ಓಟವನ್ನು. ಪಿರ್ಲೊ ಎಂದೂ ಓಟದಿಂದ ಬದುಕಿದವರಲ್ಲ. ಇಟಲಿಯವರು ರೆಜಿಸ್ತಾ ಎಂದು ಕರೆಯುವ ಆ ಜಾಗದಲ್ಲಿ ನಿಂತವರಿಗೆ ಚೆಂಡು ಬರುವ ಮೊದಲೇ ಮೈದಾನದ ಚಿತ್ರ ತಲೆಯಲ್ಲಿರಬೇಕು. ಎದುರಾಳಿ ಹತ್ತಿರ ಬರುವಷ್ಟರಲ್ಲಿ ಚೆಂಡು ನಲವತ್ತು ಗಜ ದಾಟಿರಬೇಕು. ವಿಂಗ್‌ನಲ್ಲಿ ಓಡುವವನಿಗೂ ಇಂಥವರಿಗೂ ಒಂದೇ ವಯಸ್ಸಿನ ಗೆರೆ ಎಳೆದರೆ, ಆ ಗೆರೆ ಯಾರಲ್ಲಿ ಏನನ್ನು ಅಳೆಯುತ್ತಿದೆ ಎಂದು ಕೇಳಲೇಬೇಕು. ಯಾರೂ ಕೇಳಲಿಲ್ಲ.

ಟುರಿನ್‌ನಲ್ಲಿ ಏನು ಕೊರತೆಯಿತ್ತು

ಈಗ ಮೇಜಿನ ಆಚೆ ಬದಿಗೆ ಹೋಗೋಣ. 2006ರಲ್ಲಿ ರೆಫರಿಗಳ ಮೇಲೆ ಪ್ರಭಾವ ಬೀರಿದ ಹಗರಣದ ನಂತರ ಎರಡನೇ ದರ್ಜೆಗೆ ಇಳಿದು ಮರಳಿ ಬಂದಿದ್ದ ಯುವೆಂಟಸ್, 2010 ಮತ್ತು 2011ರಲ್ಲಿ ಸತತವಾಗಿ ಏಳನೇ ಸ್ಥಾನ ಪಡೆದಿತ್ತು. 2010–11ರಲ್ಲಿ ಗಳಿಸಿದ್ದು 58 ಪಾಯಿಂಟ್. ಯುವ ಅಧ್ಯಕ್ಷ ಆಂಡ್ರಿಯಾ ಆನ್ಯೆಲ್ಲಿ ಮತ್ತು ಸಂಪ್‌ಡೋರಿಯಾದಿಂದ ಬಂದಿದ್ದ ಆಡಳಿತಗಾರ ಬೆಪ್ಪೆ ಮರೋಟ್ಟಾ ತಂಡವನ್ನು ಬುಡದಿಂದ ಕಟ್ಟುತ್ತಿದ್ದರು. ಕ್ಲಾಡಿಯೊ ಮಾರ್ಕಿಸಿಯೊ ಅವರಂಥ ಓಟಗಾರ ಮಿಡ್‌ಫೀಲ್ಡರ್ ಇದ್ದರು. ಗೋಲಿನಲ್ಲಿ ಜಾನ್‌ಲುಯಿಜಿ ಬುಫೊನ್, ಅವರ ಮುಂದೆ ಡಿಫೆನ್ಸ್‌ನಲ್ಲಿ ಕಿಯೆಲ್ಲಿನಿ, ಬಾರ್ಝಾಲ್ಯಿ, ಬೊನುಚ್ಚಿ ಇದ್ದರು. ಚೆಂಡನ್ನು ಹಿಂದಿನಿಂದ ಮುಂದಕ್ಕೆ ಅರ್ಥಪೂರ್ಣವಾಗಿ ದಾಟಿಸುವ ಒಬ್ಬರು ಮಾತ್ರ ಇರಲಿಲ್ಲ.

ಹಾಗಾಗಿ ಮಿಲಾನ್‌ನಲ್ಲಿ ಹೆಚ್ಚುವರಿಯಾಗಿದ್ದದ್ದು ಟುರಿನ್‌ನಲ್ಲಿ ಇಲ್ಲವೇ ಇಲ್ಲ ಎಂಬಂತಿತ್ತು. ಪಿರ್ಲೊ ಸಹಿ ಹಾಕಿ ಒಂದು ವಾರವಾದ ಮೇಲೆ, ಮೇ 31ರಂದು, ಆಂಟೋನಿಯೊ ಕಾಂಟೆ ಕೋಚ್ ಆಗಿ ಅಧಿಕೃತವಾಗಿ ನೇಮಕಗೊಂಡರು. ಜುಲೈನಲ್ಲಿ ಲೆವರ್‌ಕುಸೆನ್‌ನಿಂದ ಆರ್ತುರೊ ವಿಡಾಲ್ ಬಂದರು. ಕಾಂಟೆ ಇಬ್ಬರು ಮಿಡ್‌ಫೀಲ್ಡರ್‌ಗಳು, ನಾಲ್ವರು ಮುಂಚೂಣಿಯವರು ಎಂಬ ತಮ್ಮ ಇಷ್ಟದ ವಿನ್ಯಾಸದೊಂದಿಗೆ ಆರಂಭಿಸಿದರೂ ಬೇಗನೆ ಅದನ್ನು ಕೈಬಿಟ್ಟರು. ಪಿರ್ಲೊ ಅವರ ಎರಡು ಬದಿಗೆ ವಿಡಾಲ್ ಮತ್ತು ಮಾರ್ಕಿಸಿಯೊ ನಿಂತರು. ಅವರಿಬ್ಬರೂ ಓಡುತ್ತಿದ್ದರು, ಕಸಿಯುತ್ತಿದ್ದರು, ಪಿರ್ಲೊ ನಿಲ್ಲಬಹುದಾಗಿತ್ತು. ಕೋಚ್ ತನ್ನ ನಂಬಿಕೆಯ ವಿನ್ಯಾಸವನ್ನೇ ಒಬ್ಬ ಆಟಗಾರನಿಗಾಗಿ ಬದಲಿಸಿದ್ದು ಈ ಪ್ರಕರಣದಲ್ಲಿ ನಾನು ಅತ್ಯಂತ ಮೆಚ್ಚುವ ಅಂಶ. ಅಗ್ಗವಾಗಿ ಸಿಕ್ಕಿದ್ದನ್ನು ಅಗ್ಗವಾಗಿ ಬಳಸಿದ್ದರೆ ಅಲ್ಲಿಯೂ 17 ಪಂದ್ಯಗಳೇ ಆಗುತ್ತಿದ್ದವು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 2010–11ರಲ್ಲಿ ಲಿವರ್‌ಪೂಲ್‌ನಿಂದ ಸಾಲದ ಮೇಲೆ ಬಂದು ಯುವೆಂಟಸ್ ಮಿಡ್‌ಫೀಲ್ಡ್‌ನಲ್ಲಿ ಆಡಿದ್ದವರು ಆಲ್ಬೆರ್ಟೊ ಅಕ್ವಿಲಾನಿ. ಯುವೆಂಟಸ್ ಅವರನ್ನು ಕೊಳ್ಳದೆ ಬಿಟ್ಟಿತು. ಆ ಬೇಸಿಗೆಯಲ್ಲಿ ಮಿಲಾನ್ ಅದೇ ಅಕ್ವಿಲಾನಿ ಅವರನ್ನು ಸಾಲಕ್ಕೆ ತಂದುಕೊಂಡಿತು. ಕಾಗದದ ಮೇಲೆ ಎಲ್ಲಿಯೂ ಬರೆಯದಿದ್ದರೂ, ಫಲಿತಾಂಶದಲ್ಲಿ ಅದು ಎರಡು ಕ್ಲಬ್‌ಗಳ ನಡುವಿನ ಅದಲುಬದಲೇ ಆಯಿತು.

2011–12ರ ಲೆಕ್ಕ

ಸೆಪ್ಟೆಂಬರ್ 11ರಂದು ಯುವೆಂಟಸ್ ತನ್ನ ಹೊಸ ಕ್ರೀಡಾಂಗಣದಲ್ಲಿ ಮೊದಲ ಲೀಗ್ ಪಂದ್ಯ ಆಡಿತು. ಪಾರ್ಮಾದ ಡಿಫೆನ್ಸ್ ಮೇಲಿಂದ ಪಿರ್ಲೊ ತೇಲಿಸಿದ ಚೆಂಡಿಗೆ ಸ್ಟೆಫಾನ್ ಲಿಖ್ಟ್‌ಸ್ಟೈನರ್ ಕಾಲು ಕೊಟ್ಟು ಅಲ್ಲಿನ ಮೊದಲ ಲೀಗ್ ಗೋಲು ಹೊಡೆದರು. ಪಂದ್ಯ 4–1. ಅಕ್ಟೋಬರ್ 2ರಂದು ಮಿಲಾನ್ ಅದೇ ಮೈದಾನಕ್ಕೆ ಬಂದು, ಕೊನೆಯ ನಿಮಿಷಗಳಲ್ಲಿ ಮಾರ್ಕಿಸಿಯೊ ಹೊಡೆದ ಎರಡು ಗೋಲುಗಳಿಂದ ಸೋತಿತು. 2012ರ ಫೆಬ್ರುವರಿ 25ರಂದು ಸ್ಯಾನ್ ಸಿರೊದಲ್ಲಿ 1–1. ಮಿಲಾನ್ ಮುಂದಿದ್ದಾಗ ಸುಲ್ಲಿ ಮುಂತಾರಿ ಅವರ ಹೆಡರ್ ಗೆರೆ ದಾಟಿದ್ದರೂ ಗೋಲು ಸಿಗಲಿಲ್ಲ. ನಂತರ ಯುವೆಂಟಸ್‌ನ ಅಲೆಸ್ಸಾಂಡ್ರೊ ಮಾತ್ರಿ ಅವರ ಸರಿಯಾದ ಗೋಲೊಂದನ್ನೂ ಆಫ್‌ಸೈಡ್ ಎಂದು ತಳ್ಳಿಹಾಕಲಾಯಿತು. ಮಿಲಾನ್ ಅಭಿಮಾನಿಗಳು ಆ ಋತುವನ್ನು ಮುಂತಾರಿ ಅವರ ಗೋಲಿನಿಂದಲೇ ನೆನೆಯುತ್ತಾರೆ. ಅವರ ನೋವು ನ್ಯಾಯವಾದದ್ದು.

ಮೇ 6ರಂದು ಟ್ರಿಯೆಸ್ಟೆಯಲ್ಲಿ ಕಲ್ಯಾರಿ ವಿರುದ್ಧ 2–0 ಗೆದ್ದ ಯುವೆಂಟಸ್ ಚಾಂಪಿಯನ್ ಆಯಿತು. ಅದೇ ರಾತ್ರಿ ಮಿಲಾನ್ 4–2ರಿಂದ ಇಂಟರ್‌ಗೆ ಸೋತಿತು. ಯುವೆಂಟಸ್ 38 ಪಂದ್ಯಗಳಲ್ಲಿ 23 ಗೆದ್ದು 15 ಡ್ರಾ ಮಾಡಿಕೊಂಡಿತು. ಲೀಗ್‌ನಲ್ಲಿ ಒಂದೂ ಸೋಲಿಲ್ಲ. ಪಿರ್ಲೊ 37 ಪಂದ್ಯ ಆಡಿ 13 ಗೋಲುಗಳಿಗೆ ಅಂತಿಮ ಪಾಸ್ ಕೊಟ್ಟಿದ್ದರು.

ಈಗ ಎರಡು ಕ್ಲಬ್‌ಗಳ ಪಾಯಿಂಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮಿಲಾನ್: 82ರಿಂದ 80ಕ್ಕೆ. ಯುವೆಂಟಸ್: 58ರಿಂದ 84ಕ್ಕೆ. ಮಿಲಾನ್ ಆ ವರ್ಷ ಹೊಡೆದ ಗೋಲುಗಳು 74, ಯುವೆಂಟಸ್‌ಗಿಂತ ಆರು ಹೆಚ್ಚು. ಇಬ್ರಾಹಿಮೊವಿಚ್ ಒಬ್ಬರೇ 28 ಹೊಡೆದರು. ಅತ್ಯಲ್ಪ ಬೆಲೆಗೆ ತಂದ ಆಂಟೋನಿಯೊ ನೊಚೆರಿನೊ ಮಿಡ್‌ಫೀಲ್ಡ್‌ನಿಂದ ಹತ್ತು ಹೊಡೆದರು. ಪಿರ್ಲೊ ಇಲ್ಲದೆ ನಮಗೆ ನಡೆಯುತ್ತದೆ ಎಂದ ಅಲ್ಲೆಗ್ರಿ ಅವರ ಅಂದಾಜು ಹೆಚ್ಚುಕಡಿಮೆ ನಿಜವೇ ಆಯಿತು: ತಂಡ ಕಳೆದುಕೊಂಡದ್ದು ಎರಡು ಪಾಯಿಂಟ್. ಪ್ರಶಸ್ತಿ ತಪ್ಪಿದ್ದು ನಾಲ್ಕು ಪಾಯಿಂಟ್‌ಗಳಿಂದ, ಅದೂ ಹಿಂದಿನ ವರ್ಷ ತಮಗಿಂತ 24 ಪಾಯಿಂಟ್ ಹಿಂದಿದ್ದ ತಂಡಕ್ಕೆ.

ಆ 26 ಪಾಯಿಂಟ್‌ಗಳ ಏರಿಕೆಯನ್ನೆಲ್ಲ ಪಿರ್ಲೊ ಅವರ ಹೆಸರಿಗೆ ಬರೆಯಲಾಗದು. ಕಾಂಟೆ ಬಂದಿದ್ದರು, ವಿಡಾಲ್ ಮತ್ತು ಲಿಖ್ಟ್‌ಸ್ಟೈನರ್ ಬಂದಿದ್ದರು, ಬೆನ್ನಿನ ಗಾಯದಿಂದ ಹಿಂದಿನ ಋತುವಿನ ಬಹುಭಾಗ ಹೊರಗಿದ್ದ ಬುಫೊನ್ ಪೂರ್ಣ ಚೇತರಿಸಿಕೊಂಡಿದ್ದರು. ಏಳನೇ ಸ್ಥಾನದ ಫಲವಾಗಿ ಯುವೆಂಟಸ್‌ಗೆ ಆ ವರ್ಷ ಯುರೋಪಿನ ಪಂದ್ಯಗಳೇ ಇರಲಿಲ್ಲ. ಮಿಲಾನ್ ಚಾಂಪಿಯನ್ಸ್ ಲೀಗ್‌ನಲ್ಲಿ ಹತ್ತು ಪಂದ್ಯ ಆಡಿ ದಣಿದಿತ್ತು. ಮಿಲಾನ್‌ನ ಮಿಡ್‌ಫೀಲ್ಡರ್ ಗಟ್ಟುಸೊ ಕಣ್ಣಿನ ತೊಂದರೆಯಿಂದ, ಫಾರ್ವರ್ಡ್ ಆಂಟೋನಿಯೊ ಕಸ್ಸಾನೊ ಹೃದಯದ ಶಸ್ತ್ರಚಿಕಿತ್ಸೆಯಿಂದ ತಿಂಗಳುಗಟ್ಟಲೆ ಹೊರಗಿದ್ದರು. ಇಷ್ಟನ್ನೂ ಕಳೆದ ಮೇಲೆ ಪಿರ್ಲೊ ಪಾಲಿಗೆ ಎಷ್ಟು ಉಳಿಯುತ್ತದೆ? ಎರಡು ತಂಡಗಳ ನಡುವಿನ ಅಂತರ ನಾಲ್ಕೇ ಪಾಯಿಂಟ್ ಎಂಬುದನ್ನು ನೆನಪಿಟ್ಟುಕೊಂಡರೆ, ದೊಡ್ಡ ಪಾಲು ಬೇಕಾಗಿಯೂ ಇಲ್ಲ.

ಬೇರೆ ದಾರಿ ಇತ್ತೇ

ಒಪ್ಪಂದ ಮುಗಿದ ಆಟಗಾರ ಶುಲ್ಕವಿಲ್ಲದೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದು 1995ರ ಬೊಸ್ಮಾನ್ ತೀರ್ಪಿನ ನಂತರ ಯುರೋಪಿನಲ್ಲಿ ನೆಲೆಗೊಂಡ ವ್ಯವಸ್ಥೆ. ಕೊನೆಯ ಆರು ತಿಂಗಳಲ್ಲಿ ಆತ ಇತರ ಕ್ಲಬ್‌ಗಳೊಂದಿಗೆ ಮುಕ್ತವಾಗಿ ಮಾತನಾಡಬಹುದು. ಹಾಗಾಗಿ 2011ರ ಮೇ ತಿಂಗಳಲ್ಲಿ ಮಿಲಾನ್ ಬಳಿ ಇದ್ದ ಆಯ್ಕೆಗಳು ಎರಡೇ: ಹೆಚ್ಚು ವರ್ಷ ಕೊಟ್ಟು ಉಳಿಸಿಕೊಳ್ಳುವುದು ಅಥವಾ ಕೈಚೆಲ್ಲುವುದು. ನಿಜವಾದ ಆಯ್ಕೆಯ ಸಮಯ ಅದಕ್ಕೂ ಮೊದಲೇ ಕಳೆದುಹೋಗಿತ್ತು.

2009ರಲ್ಲಿ ಚೆಲ್ಸಿಗೆ ಹೋದ ಆಂಚೆಲೊಟ್ಟಿ ಪಿರ್ಲೊ ಅವರನ್ನು ಕರೆಸಿಕೊಳ್ಳಲು ಬಯಸಿದ್ದರು. ಅದೇ ಬೇಸಿಗೆಯಲ್ಲಿ ಕಾಕಾ ಅವರನ್ನು ರಿಯಲ್ ಮ್ಯಾಡ್ರಿಡ್‌ಗೆ ಮಾರಿದ್ದ ಮಿಲಾನ್ ಇನ್ನೊಬ್ಬರನ್ನು ಬಿಡಲು ಒಪ್ಪಲಿಲ್ಲ. ಆಗ ಬಿಟ್ಟಿದ್ದರೆ ಹಣ ಬರುತ್ತಿತ್ತು, ಆಟಗಾರ ಇಂಗ್ಲೆಂಡಿನಲ್ಲಿರುತ್ತಿದ್ದರು. 2010ರಲ್ಲಿ, ಒಪ್ಪಂದದ ಕೊನೆಯ ವರ್ಷ ಆರಂಭವಾಗುವ ಮೊದಲು, ಎರಡು ವರ್ಷ ವಿಸ್ತರಿಸಿದ್ದರೆ ಮರುವರ್ಷ ಅಲ್ಲೆಗ್ರಿ ಬೇಡವೆಂದಾಗ ಎಲ್ಲಿಗೆ ಕಳುಹಿಸಬೇಕೆಂಬ ಮಾತು ಕ್ಲಬ್‌ನದಾಗಿರುತ್ತಿತ್ತು. ಸಂಬಳದ ಹೊರೆ ಹೆಚ್ಚುತ್ತಿತ್ತು, ನಿಜ. ಆದರೆ ಆ ಖರ್ಚಿನಿಂದ ಕೊಳ್ಳುತ್ತಿದ್ದದ್ದು ಪಿರ್ಲೊ ಅವರ ಆಟವನ್ನಷ್ಟೇ ಅಲ್ಲ, ಅವರು ಯಾರ ಪರ ಆಡಬಾರದು ಎಂದು ಹೇಳುವ ಅಧಿಕಾರವನ್ನೂ. ಕ್ಲಬ್‌ಗಳ ಲೆಕ್ಕಪುಸ್ತಕದಲ್ಲಿ ಈ ಅಧಿಕಾರಕ್ಕೆ ಪ್ರತ್ಯೇಕ ಕಾಲಂ ಇರುವುದಿಲ್ಲ; ಅದಕ್ಕೇ ಅದು ಇಷ್ಟು ಸುಲಭವಾಗಿ ಕಳೆದುಹೋಗುತ್ತದೆ.

ಈ ಮಾತು ಆಟಗಾರನನ್ನು ಕಟ್ಟಿಹಾಕಬೇಕು ಎಂಬ ಅರ್ಥದ್ದಲ್ಲ. 32ರ ಪಿರ್ಲೊ ತನ್ನ ಆಟದ ಮೇಲೆ ನಂಬಿಕೆಯಿಟ್ಟವರ ಬಳಿಗೆ ಹೋದರು. ಅದು ಅವರ ಹಕ್ಕು, ಅವರು ಅದನ್ನು ಘನತೆಯಿಂದ ಬಳಸಿಕೊಂಡರು. ಉಳಿಸಿಕೊಳ್ಳಬೇಕೆಂದಿದ್ದರೆ ಮಿಲಾನ್ ಕೊಡಬೇಕಾಗಿದ್ದದ್ದು ಅದೇ ನಂಬಿಕೆಯನ್ನು.

ನಂತರದ ವರ್ಷಗಳು

2012ರ ಯುರೋ ಕ್ವಾರ್ಟರ್‌ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಪೆನಾಲ್ಟಿಯನ್ನು ಮೆಲ್ಲಗೆ ಗೋಲಿನ ಮಧ್ಯಕ್ಕೆ ತೇಲಿಸಿದ ಪಿರ್ಲೊ ಅವರನ್ನು ಕಂಡ ಮೇಲೆ, ಅವರ ಕಾಲ ಮುಗಿಯಿತು ಎಂದವರು ಮೌನವಾದರು. ಅದೇ ಬೇಸಿಗೆ ಮಿಲಾನ್ ಇಬ್ರಾಹಿಮೊವಿಚ್ ಮತ್ತು ತಿಯಾಗೊ ಸಿಲ್ವ ಅವರನ್ನು ಪ್ಯಾರಿಸ್ ಸೇಂಟ್-ಜರ್ಮೇನ್ ಕ್ಲಬ್‌ಗೆ ಮಾರಿತು. ನೆಸ್ತಾ, ಗಟ್ಟುಸೊ, ಸೀಡಾರ್ಫ್, ಇನ್‌ಝಾಗಿ ಹೊರಟರು. ಮುಂದಿನ ಮೂರು ಋತುಗಳಲ್ಲಿ ಮಿಲಾನ್ ಪಡೆದ ಸ್ಥಾನಗಳು ಮೂರು, ಎಂಟು, ಹತ್ತು. ಈ ಕುಸಿತಕ್ಕೆ ಪಿರ್ಲೊ ಕಾರಣರಲ್ಲ. ಆದರೆ 2011–12ರ ಪ್ರಶಸ್ತಿ ಆ ಪೀಳಿಗೆಯ ಮಿಲಾನ್‌ಗೆ ಉಳಿದಿದ್ದ ಕೊನೆಯ ಅವಕಾಶವಾಗಿತ್ತು. ಅದನ್ನು ಕಸಿದವರ ನಡುವೆ ಅವರಿದ್ದರು.

2014ರ ಜುಲೈನಲ್ಲಿ ಕಾಂಟೆ ದಿಢೀರನೆ ರಾಜೀನಾಮೆ ಕೊಟ್ಟಾಗ ಯುವೆಂಟಸ್‌ಗೆ ಕೋಚ್ ಆಗಿ ಬಂದವರು ಅಲ್ಲೆಗ್ರಿ. ಈ ಸಲ ಅವರು 35 ದಾಟಿದ ಪಿರ್ಲೊ ಅವರನ್ನು ಡಿಫೆನ್ಸ್‌ನ ಮುಂದೆಯೇ ಆಡಿಸಿದರು. ನವೆಂಬರ್ 30ರ ಟುರಿನ್ ಡರ್ಬಿಯನ್ನು, ಅಂದರೆ ಅದೇ ನಗರದ ಟೊರಿನೊ ವಿರುದ್ಧದ ಪಂದ್ಯವನ್ನು, ಹೆಚ್ಚುವರಿ ನಿಮಿಷಗಳಲ್ಲಿ ದೂರದಿಂದ ಹೊಡೆದ ಗೋಲಿನಿಂದ ಪಿರ್ಲೊ ಗೆದ್ದುಕೊಟ್ಟರು. ಯುವೆಂಟಸ್ ಲೀಗ್ ಮತ್ತು ಇಟಲಿ ಕಪ್ ಎರಡನ್ನೂ ಗೆದ್ದು, ಬರ್ಲಿನ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾಗೆ ಸೋತಿತು. ಒಪ್ಪಂದದಲ್ಲಿ ಇನ್ನೊಂದು ವರ್ಷ ಬಾಕಿಯಿರುವಾಗಲೇ ಪಿರ್ಲೊ ನ್ಯೂಯಾರ್ಕ್ ಸಿಟಿ ತಂಡಕ್ಕೆ ಹೋದರು. ಅಲ್ಲಿಂದ ಯುವೆಂಟಸ್‌ಗೆ ತೊಂದರೆಯಾಗುವ ಸಾಧ್ಯತೆಯೇ ಇರಲಿಲ್ಲ.

ಯುವೆಂಟಸ್ 2012ರಿಂದ 2020ರವರೆಗೆ ಸತತ ಒಂಬತ್ತು ಬಾರಿ ಲೀಗ್ ಗೆದ್ದಿತು. ಆ ಸರಪಳಿ ಮುರಿದದ್ದು 2021ರಲ್ಲಿ, ಇಂಟರ್ ಕೈಯಲ್ಲಿ. ಆಗ ಇಂಟರ್‌ನ ಕೋಚ್ ಕಾಂಟೆ. ಅವರನ್ನು ಅಲ್ಲಿಗೆ ಕರೆತಂದ ಆಡಳಿತಗಾರ, 2018ರಲ್ಲಿ ಯುವೆಂಟಸ್ ಬೀಳ್ಕೊಟ್ಟಿದ್ದ ಬೆಪ್ಪೆ ಮರೋಟ್ಟಾ. ನಾಲ್ಕನೇ ಸ್ಥಾನಕ್ಕಿಳಿದ ಯುವೆಂಟಸ್‌ಗೆ ಆ ಋತುವಿನಲ್ಲಿ ಕೋಚ್ ಆಗಿದ್ದವರು ಆಂಡ್ರಿಯಾ ಪಿರ್ಲೊ.